ದೀಪ ದೊಡ್ಡದು ಮಾಡಿದ ಅಜ್ಜ

ಮೊನ್ನೆ ಡ್ರಾಯರ್ ಖಾಲಿ ಮಾಡುವಾಗ ರಟ್ಟಿನ ಪುಟ್ಟ ಡಬ್ಬಿಯಲ್ಲಿ ಒಂದು ಮ್ಯಾಂಟಲ್ ಸಿಕ್ಕಿತು. ಗ್ಯಾಸ್‌ಲೈಟಿಗೆ ಕಟ್ಟುವ ಬಿಳಿ ಬಲೆಯ ಚೀಲ. ಗೊಂಬೆಯ ಕಾಲುಚೀಲವಾ ಎಂದು ಮಗಳು ಜರ್ಮನ್‌ನಲ್ಲಿ ಕೇಳಿದಳು. ಹೂಂ ಅಂದೆ.

ಜರ್ಮನಿಯವರು ಆಗ ಸಾಫ್ಟ್‌ವೇರ್‌ನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಡಾರ್ಮ್‌ಸ್ಟಾಟ್‌ಗೆ ಬಂದ ಹೊಸತು. ನಾನಿದ್ದ ಹಳೇ ಕಟ್ಟಡದ ಹೌಸ್‌ಮೈಸ್ಟರ್, ಅಂದರೆ ಉಸ್ತುವಾರಿ ನೋಡುವವರು, ಕೆಳಗಿನ ಮನೆಯ ಮುದುಕರು. ಎದುರಿಗೆ ಮರ್ಯಾದೆಯ ‘ಹೆರ್’ ಸೇರಿಸಿ ಕರೆಯುತ್ತಿದ್ದೆ, ಮನಸ್ಸಿನಲ್ಲಿ ಅಜ್ಜ. ಅಂಗಳದಲ್ಲೊಂದು ಹಳೇ ಗ್ಯಾಸ್ ದೀಪದ ಕಂಬವಿತ್ತು: ಎರಕದ ಕಬ್ಬಿಣ, ಬುಡದಿಂದ ಹಬ್ಬಿದ ಬಳ್ಳಿ, ತಲೆಗೆ ಕಿರೀಟ. ಗಾಜಿನ ಕೆಳಗಿನ ಅಡ್ಡಪಟ್ಟಿಯೂ ಅಲಂಕಾರವೇ ಎಂದು ಹೊಗಳಿದೆ, ಬುದ್ಧಿವಂತ ನಾನು! “ಅದು ಏಣಿ ಒರಗಿಸಲಿಕ್ಕೆ” ಎಂದು ಅಜ್ಜ ಹೊಟ್ಟೆ ಹಿಡಿದು ನಕ್ಕರು.

ಒಂದು ಬೆಳಿಗ್ಗೆ ಬಿಸಿಲು ಬಂದರೂ ದೀಪ ಉರಿಯುತ್ತಿತ್ತು. ನಮ್ಮ ಉಡುಪಿಯ ಮನೆಯಲ್ಲಿ ದೀಪ ‘ಆರಿಸು’ ಅಂದರೆ ಅಮ್ಮ ಗದರುತ್ತಿದ್ದರು, ಅಪಶಕುನ. ‘ದೊಡ್ಡದು ಮಾಡು’ ಅನ್ನಬೇಕು. ಅದೇ ಅಭ್ಯಾಸದಲ್ಲಿ, ನನ್ನ ಅರೆಬೆಂದ ಜರ್ಮನ್‌ನಲ್ಲಿ, ದೀಪ ದೊಡ್ಡದು ಮಾಡಿ ಎಂದೆ. ಅಜ್ಜ ಪಾಪ, ಏಣಿ ಹತ್ತಿ ಗ್ಯಾಸ್ ಜಾಸ್ತಿ ತಿರುಗಿಸಿದರು. ಭುಗ್ಗೆಂದಿತು. ಮ್ಯಾಂಟಲ್ ಬೂದಿಯಾಗಿ ಉದುರಿತು.

“ಇನ್ನೂ ಎಷ್ಟು ದೊಡ್ಡದು ಮಾಡಲಿ?”

ನಾಚಿ ನೀರಾಗಿ ಅರ್ಥ ಬಿಡಿಸಿ ಹೇಳಿದೆ. ಈ ಸಲ ಅವರು ನಗಲಿಲ್ಲ. ಬೂದಿಯನ್ನು ಬೆರಳಲ್ಲಿ ಹಿಡಿದು ನಿಂತೇ ಇದ್ದರು... ಹೆಂಡತಿ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಅಂದಿನಿಂದ ಅವರೂ ದೀಪ ‘ದೊಡ್ಡದು’ ಮಾಡತೊಡಗಿದರು.

ಆಮೇಲೆ ಕಟ್ಟಡದ ಮಾಲೀಕರ ಕಾಗದ ಬಂತು: ಗ್ಯಾಸ್ ತೆಗೆದು ಕರೆಂಟು ಹಾಕುವುದು. ಬೇಡವೆಂದು ಅಜ್ಜ ಬರೆದದ್ದೇ ಬರೆದದ್ದು, ಯಾರೂ ಕೇಳಲಿಲ್ಲ. “ಕೊನೇ ಸಂಜೆ ನೀವು ಇರಬೇಕು. ಆ ಮಾತನ್ನು ನಿಮ್ಮ ಭಾಷೆಯಲ್ಲೇ ಹೇಳಬೇಕು” ಎಂದರು. ಬಂದೇ ಬರುತ್ತೇನೆ ಅಂದೆ. ಆ ಸಂಜೆಯೇ ಆಫೀಸಿನ ಮೀಟಿಂಗ್ ಎಳೆಯಿತು. ಎದ್ದು ಹೊರಡುವ ಧೈರ್ಯ ನನಗಾಗಲಿಲ್ಲ. ಕೆಲಸ ಹೋದರೆ ಪರ್ಮಿಟ್ಟಿನ ಗತಿಯೇನೆಂಬ ಹೆದರಿಕೆ. ಟ್ರಾಮ್ ಇಳಿದು ಓಡಿ ಬಂದರೆ ಅಂಗಳ ಕತ್ತಲು. ನನ್ನ ಬಾಗಿಲ ಹಿಡಿಕೆಗೆ ಈ ಡಬ್ಬಿ ಕಟ್ಟಿತ್ತು.

ಅಜ್ಜ ಒಂದು ದಿನವೂ ಆಡಿ ತೋರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದೆ ನಾನು ಮನೆ ಬದಲಿಸಿದೆ. ಅವರು ಹೋದ ಸುದ್ದಿಯೂ ತಡವಾಗಿಯೇ ತಿಳಿಯಿತು...

ಮಗಳು ಮ್ಯಾಂಟಲ್‌ನೊಳಗೆ ಬೆರಳು ತೂರಿಸಿ ಆಡಿದಳು. ಉರಿದ ಮ್ಯಾಂಟಲ್ ಮುಟ್ಟಿದರೆ ಪುಡಿ; ಇದು ಒಮ್ಮೆಯೂ ಉರಿಯದ್ದು, ಎಳೆದರೂ ಏನೂ ಆಗಲಿಲ್ಲ. ಡಬ್ಬಿಗೆ ಹಾಕಿಟ್ಟು ಕೋಣೆಯ ಸ್ವಿಚ್ಚಿಗೆ ಕೈ ಹಾಕಿದೆ.

“ದೀಪ ದೊಡ್ಡದು ಮಾಡ್ತೇನೆ, ಅಜ್ಜ.”

ಕತ್ತಲಾಯಿತು. “ದೊಡ್ಡದು ಆಗ್ಲೇ ಇಲ್ಲ, ಪಪ್ಪಾ” ಎಂದಳು ಮಗಳು, ಕನ್ನಡದಲ್ಲಿ.