ಒಂದೇ ಬೀಜದ ಪೆಟ್ಟಿಗೆಗಳು

ಮೊನ್ನೆ ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದರಿಂದ ಬಿಸಿ ವಾರ್ನಿಷ್ ವಾಸನೆ ಬಂತು. ನಾನು ನಡೆಯುವುದನ್ನು ಬಿಟ್ಟು ನಿಂತೆ. ನಮ್ಮ ಫಿಟ್ಟರಣ್ಣನ ಅಂಗಿ ಯಾವಾಗಲೂ ಹೀಗೇ ನಾರುತ್ತಿತ್ತು...

ಅಂತರಸನಹಳ್ಳಿಯ ಸಣ್ಣ ವರ್ಕ್‌ಶಾಪಿನಲ್ಲಿ ನಾವು ಮೊಬೈಲಿನಿಂದ ಪಂಪ್‌ಸೆಟ್ ಆನ್ ಮಾಡುವ ಪೆಟ್ಟಿಗೆಗಳನ್ನು ಮಾಡುತ್ತಿದ್ದೆವು. ಒಳಗಿನ ಪ್ರೋಗ್ರಾಂ ನನ್ನದು, ತೋಟಕ್ಕೆ ಹೋಗಿ ಕೂರಿಸುವುದು ಫಿಟ್ಟರಣ್ಣನದು. ಮೊದಲ ಸಲ ಆನ್ ಆದಾಗ ಪೆಟ್ಟಿಗೆ ತನ್ನ ಗುರುತಿಗೊಂದು ಗುಟ್ಟಿನ ನಂಬರನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಆಗಷ್ಟೇ ಎದ್ದ ಯಂತ್ರಕ್ಕೆ ಯಾರೂ ಊಹಿಸಲಾಗದ ನಂಬರ್ ಎಲ್ಲಿಂದ ಬರಬೇಕು? ಅದಕ್ಕೇ ಒಂದು ಫೈಲಿನಲ್ಲಿ ಬೀಜ, ಅಂದರೆ ಆ ನಂಬರ್ ಹುಟ್ಟಿಸಲು ಬೇಕಾದ ಅಡ್ಡಾದಿಡ್ಡಿ ಅಂಕಿಗಳ ಸಾಲು, ಹಾಕಿಟ್ಟಿರುತ್ತೇವೆ, ಒಂದೊಂದು ಪೆಟ್ಟಿಗೆಗೆ ಒಂದೊಂದು. ನಾನೋ ಮಹಾ ಬುದ್ಧಿವಂತೆ! ಅವಸರದಲ್ಲಿ ಒಂದೇ ಮೆಮೊರಿ ಕಾರ್ಡನ್ನು ಬೀಜದ ಸಮೇತ ಎಲ್ಲಕ್ಕೂ ಕಾಪಿ ಹೊಡೆದಿದ್ದೆ.

ಒಂದು ಬೆಳಿಗ್ಗೆ ಟೇಬಲ್ ಮೇಲಿನ ಪೆಟ್ಟಿಗೆಗೆ ಮೊಬೈಲಿನಲ್ಲಿ ಆನ್ ಒತ್ತಿದರೆ ಪಕ್ಕದ್ದೂ ಟಕ್ ಅಂದಿತು. ಮತ್ತೆ ಮತ್ತೆ ಒತ್ತಿ ನೋಡಿದೆ. ಎರಡೂ ಟಕ್. ಆಮೇಲೆ ಹೊಳೆಯಿತು, ಬೀಜ ಒಂದೇ ಆದ್ದರಿಂದ ಎಲ್ಲದರ ನಂಬರೂ ಒಂದೇ. ಮೂರನೆಯದನ್ನು ಫಿಟ್ಟರಣ್ಣ ಅದೇ ಹೊತ್ತಿಗೆ ಹೆಬ್ಬೂರಿನ ತೋಟದಲ್ಲಿ ಕೂರಿಸುತ್ತಿದ್ದರು. ನಾನು ಒತ್ತಿದಷ್ಟು ಸಲವೂ ಅಲ್ಲಿನ ಮೋಟಾರ್ ತಿರುಗಿರಬೇಕು. ಅವರ ಕೈ ಅದರೊಳಗಿದ್ದರೆ...

ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಸ್ಕೂಟಿ ಹತ್ತಿ ಹೆಬ್ಬೂರಿನವರೆಗೂ ‘ಕೊಂದುಬಿಟ್ಟೆ, ಕೊಂದುಬಿಟ್ಟೆ’ ಅಂತ ಬಡಬಡಿಸುತ್ತಲೇ ಹೋದೆ.

ಅವರು ಬದುವಿನ ಮೇಲೆ ಕೂತು ಎಳನೀರು ಕುಡಿಯುತ್ತಿದ್ದರು.

“ಯಾಕವ್ವ, ಹಿಂಗ್ ನಡುಗ್ತಿದೀಯ?”

ಹೇಳಿದೆ. ಅವರು ಜೇಬಿನಿಂದ ಫ್ಯೂಸುಗಳನ್ನು ತೆಗೆದು ತೋರಿಸಿದರು. “ಇವು ನನ್ ಜೇಬಲ್ಲಿರೋಗಂಟ ಮೋಟ್ರು ತಿರ್ಗಲ್ಲ ಬುಡು. ಬ್ಯಾಟ್ರಿ ಐತಲ್ಲ, ಪೆಟ್ಗೆ ಮಾತ್ರ ಟಕ್ ಟಕ್ ಅಂತಿತ್ತು. ಫೋನು ಗಾಡೀಲೇ ಇತ್ತು ಕಣವ್ವ.”

ನಾನು ಅಲ್ಲೇ ಕೂತು ಅತ್ತೆ.

ರಾತ್ರಿಯೊಳಗೆ ತೋಟದ್ದೂ ಸೇರಿ ಎಲ್ಲಕ್ಕೂ ಬೇರೆ ಬೇರೆ ಬೀಜ ಹಾಕಿ ಹೊಸ ನಂಬರ್ ಹುಟ್ಟಿಸಿದೆ. ಮಾರನೇ ದಿನ ಪರೀಕ್ಷೆಗೆಂದು ಇನ್ನೊಂದು ಪೆಟ್ಟಿಗೆ ಹಿಡಿದು ಅದೇ ತೋಟಕ್ಕೆ ಹೋದೆ. ಫಿಟ್ಟರಣ್ಣ ಫ್ಯೂಸ್ ಹಾಕಿ, ಮೋಟಾರಿನ ಹಿಂದಿನ ಫ್ಯಾನಿನ ಮೇಲೆ ಬರಿಗೈ ಇಟ್ಟರು.

“ಈಗ ನಿನ್ ಪೆಟ್ಗೆಗೆ ಆನ್ ಒತ್ತು.”

“ಬೇಡಣ್ಣ, ಕೈ ತೆಗೀರಿ.”

“ನಾಳೆ ಇನ್ಯಾರೋ ಕೈಯಿಡೋ ಜಾಗ ಕಣವ್ವ ಇದು. ಒತ್ತು.”

ಕಣ್ಣು ಮುಚ್ಚಿ ಒತ್ತಿದೆ. ನನ್ನ ಪೆಟ್ಟಿಗೆ ಟಕ್ ಅಂದಿತು, ಮೋಟಾರ್ ಅಲುಗಲಿಲ್ಲ. ಹತ್ತು ಸಲ ಒತ್ತಿಸಿದರು. ಹತ್ತು ಸಲವೂ ಕಣ್ಣು ಮುಚ್ಚಿಯೇ ಒತ್ತಿದೆ.

ಫಿಟ್ಟರಣ್ಣ ತೀರಿಕೊಂಡು ಮೂರು ವರ್ಷವಾಯಿತು. ಈಗ ನನ್ನ ಪ್ರೋಗ್ರಾಂ ಪರೀಕ್ಷಿಸಲು ದೊಡ್ಡ ತಂಡವೇ ಇದೆ. ವರದಿ ನೋಡಿ ಓಕೆ ಅನ್ನುತ್ತಾರೆ. ನನಗೆ ಇವತ್ತಿಗೂ ಭಯ... ಕೈ ಇಟ್ಟು ‘ಒತ್ತು’ ಅನ್ನುವವರು ಮಾತ್ರ ಇಲ್ಲ.