ಕೊನೇ ಪಂತಿಯ ಶೇರುದಾರ

ಗುಂಡ್ಲುಪೇಟೆಯಲ್ಲಿ ಶೇರು ಕೊಡಿಸುವ ಚಿಕ್ಕಮಲ್ಲಪ್ಪನ ಬಾಯಿಗೆ ಸಿಕ್ಕಿದರೆ ಮಾದಪ್ಪನ ಹುಲಿಯೂ ಡಿಮ್ಯಾಟ್ ಖಾತೆ ತೆರೆದೀತು ಎಂದು ಭೀಮನಬೀಡಿನ ಶಾಂತಮಲ್ಲಮ್ಮಜ್ಜಿ ನಗುತ್ತಾಳೆ. ಮದುವೆಮನೆಗೆ ಬಂದರೂ ಅವನ ಕಣ್ಣು ಮುಹೂರ್ತದ ಮೇಲಲ್ಲ, ಊಟದ ಪಂಕ್ತಿಯ ಮೇಲೆ. "ಬೀಗರು ಅಂದ್ರೆ ಬಾಂಡು ಕಣಜ್ಜಿ, ಲಾಭ ಇರ್ಲಿ ಬುಡ್ಲಿ ಅವರ್ಗೆ ಮೊದ್ಲು ಬಡಿಸ್ಲೇಬೇಕು. ಅವರಾದ್ಮೇಲೆ ಕುಂತ್ಕಳೋರು ಪ್ರಿಫರೆನ್ಸ್ ಶೇರು. ಗೊತ್ತುಮಾಡಿದ ಒಂದು ಸೌಟು ಪಾಯ್ಸ ನಮಗಿಂತ ಮುಂಚೆ ಬತ್ತದೆ, ಆದ್ರೆ ಅಡುಗೆ ವಿಚಾರ್ದಲ್ಲಿ ಬಾಯಿ ಬುಡಂಗಿಲ್ಲ. ಕೊನೇ ಪಂತಿಯೋರು ಸಾಮಾನ್ಯ ಶೇರು. ಮಾತೂ ನಮ್ದೆ, ಮಿಕ್ಕಿದ್ದೆಲ್ಲ ನಮ್ದೆ, ಮಿಗ್ದೆ ಹೋದ್ರೆ ಬರೀ ಹಂಡೆನೂ ನಮ್ದೆ!" "ಅಂಗಾರೆ ನೀನ್ಯಾಕ್ಲಾ ಯಾವಾಗ್ಲೂ ಕೊನೇಲಿ ಕುಂತ್ಕತೀಯೆ?" ಎಂದು ಅಜ್ಜಿ ಕೆಣಕಿದರೆ, ಹೊಟ್ಟೆ ತಾಳ ಹಾಕುತ್ತಿದ್ದರೂ ಮೀಸೆ ತಿರುವಿ, "ರಿಸ್ಕ್ ತಕ್ಕಂಡೋನ್ಗೇ ಲಾಭ ಕಣಜ್ಜಿ" ಎನ್ನುತ್ತಾನೆ. ಮೊನ್ನೆ ಹರವೆಯ ಮದುವೆಯಲ್ಲಿ ಕೊನೇ ಪಂಕ್ತಿಗೆ ಮೊದಲೇ ಪಾಯಸದ ಹಂಡೆ ತಳ ಕಂಡಿತು. "ಮುಳುಗ್ತಲ್ಲೋ ನಿನ್ ಕಂಪ್ನಿ!" ಎಂದು ಉಂಡವರೆಲ್ಲ ಕೈ ತೊಳೆಯುತ್ತ ನಕ್ಕರು. ಅವನು ಅಕ್ಕಪಕ್ಕ ಎರಡು ಎಲೆ ಹಾಕಿಸಿಕೊಂಡು, ಒಂದರ ಮುಂದೆ ಕುಳಿತು ಕಾದ. ಅವನು ಯಾವಾಗಲೂ ಕೊನೆಗೆ ಕೂರುವುದು ಯಾರಿಗಾಗಿ ಎಂದು ಅಜ್ಜಿಗೆ ಆಗ ತಿಳಿಯಿತು. ಬೆಳಗಿನಿಂದ ಒಲೆ ಮುಂದೆ ಬೆಂದು ಊರಿಗೆಲ್ಲ ಉಣಿಸಿದ ಅಡುಗೆಯ ದಾನೇಶ್ವರಿ, ಅವನ ಹೆಂಡತಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. "ನಿಮಗೆ ಒಂದು ತೊಟ್ಟು ಪಾಯ್ಸನೂ ಮಿಗ್ಲಿಲ್ಲ ಕಣ್ರೀ" ಎಂದಳು. "ಬಂತಲ್ಲ ನನ್ ಡಿವಿಡೆಂಡು, ಕುಂತ್ಕಮ್ಮಿ" ಎಂದು ಅವನು ತನ್ನ ಹಪ್ಪಳವನ್ನು ಅವಳ ಎಲೆಗಿಟ್ಟ.