ರಾಹುಕಾಲದಲ್ಲಿ ಸಿಕ್ಕ ಸೀಟು

ಶಶಿರೇಖಾಳ ಕೀಬೋರ್ಡಿನ ಅಡಿಯಲ್ಲಿ ಕ್ಯಾಲೆಂಡರಿನಿಂದ ಹರಿದ ಒಂದು ಚೀಟಿ ಇರುತ್ತಿತ್ತು. ವಾರದ ಏಳು ದಿನದ ರಾಹುಕಾಲ. ಅದು ಅಲ್ಲಿರುವುದು ಆಫೀಸಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ಅವಳು ದಿನವೂ ಕೀಬೋರ್ಡನ್ನು ಸರಿಯಾಗಿ ಅದರ ಮೇಲೆಯೇ ಕೂರಿಸಿ ಮನೆಗೆ ಹೊರಡುತ್ತಿದ್ದಳು.

ದೇವನಹಳ್ಳಿ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ. ಎಂ.ಬಿ.ಬಿ.ಎಸ್. ಮುಗಿಸಿ, ವಾರ್ಡಿನಲ್ಲಿ ದುಡಿಯುತ್ತಲೇ ಮುಂದಿನ ಡಿಗ್ರಿ ಓದುವ ಡಾಕ್ಟರುಗಳನ್ನು ಅಲ್ಲಿ ಪಿಜಿಗಳು ಎನ್ನುತ್ತಾರೆ. ಆ ಪಿಜಿಗಳು ಹೊರಗೆ ಹೋಗಿ ಮುಗಿಸಲೇಬೇಕಾದ ತರಬೇತಿಗಳಿರುತ್ತವೆ. ಯಾರಿಗೆ ಯಾವುದು ಬಾಕಿ, ಯಾವ ಬ್ಯಾಚಿನಲ್ಲಿ ಜಾಗವಿದೆ, ಆ ದಿನ ಅವರ ಡ್ಯೂಟಿ ನೋಡುವವರು ಯಾರು, ಇಷ್ಟನ್ನೂ ಹೊಂದಿಸಿ ಕಂಪ್ಯೂಟರಿನಲ್ಲಿ ಸೀಟು ಹಿಡಿಯುವವಳು ಶಶಿರೇಖಾ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿಯಾದರೂ ಸೋದರಮಾವನ ಮನೆಯಲ್ಲಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ರಾಹು ಕೇತು ಎಂದರೆ ನಗುತ್ತಿದ್ದವಳು.

ಆ ನಗು ಹೋದ ವರ್ಷ ನಿಂತುಹೋಯಿತು. ಅವಳೇ ಹಿಡಿದುಕೊಟ್ಟ ಸೀಟಿಗೆಂದು ನೆಲಮಂಗಲದ ಹತ್ತಿರದ ತರಬೇತಿ ಕೇಂದ್ರಕ್ಕೆ ಬೈಕಿನಲ್ಲಿ ಹೊರಟ ಪಿಜಿ ಡಾಕ್ಟರ್ ವೇಣುಗೋಪಾಲ್‌ಗೆ ಕಂಟೇನರ್ ಲಾರಿ ಗುದ್ದಿತು. ಜೀವ ಉಳಿಯಿತು; ಎಡಗಾಲಿಗೆ ರಾಡು ಬಿತ್ತು. ಸುದ್ದಿ ಕೇಳಿ ಅಳುತ್ತ ಮನೆಗೆ ಬಂದವಳನ್ನು ಗಂಡನ ತಾಯಿ, ಅತ್ತೆ ಲಕ್ಷ್ಮೀದೇವಮ್ಮ ಕೇಳಿದ್ದು ಒಂದೇ ಮಾತು.

"ಆ ಸೀಟು ಯಾವ್ ಹೊತ್ನಲ್ಲಿ ಮಾಡ್ದೆ ನೀನು?"

ಮಂಗಳವಾರ, ಮೂರೂಕಾಲು. ಆ ದಿನ ಮೂರರಿಂದ ನಾಲ್ಕೂವರೆ ರಾಹುಕಾಲ. ಅತ್ತೆ ಕ್ಯಾಲೆಂಡರಿನತ್ತ ನೋಡಿದರು, ಮತ್ತೇನೂ ಅನ್ನಲಿಲ್ಲ. ಅಂದಿದ್ದರೆ ವಾದ ಮಾಡಬಹುದಿತ್ತು. ಅಂದಿನಿಂದ ವೇಣುಗೋಪಾಲ್ ಕಾರಿಡಾರಿನಲ್ಲಿ ಕುಂಟುವ ಸದ್ದು ಕೇಳಿದರೆ ಶಶಿರೇಖಾಳ ಬೆರಳು ತಣ್ಣಗಾಗುತ್ತಿತ್ತು. ನಂಬಿಕೆಯಲ್ಲ ಇದು, ಸುಮ್ಮನೆ ಒಂದು ಎಚ್ಚರಿಕೆ ಎಂದು ತನಗೆ ತಾನೇ ಹೇಳಿಕೊಂಡು, ರಾಹುಕಾಲ ಕಳೆಯುವವರೆಗೆ ಬುಕಿಂಗ್ ಗುಂಡಿ ಒತ್ತುವುದನ್ನು ಬಿಟ್ಟಳು. ವರ್ಷವಿಡೀ ಅದರಿಂದ ಏನೂ ತೊಂದರೆಯಾಗಲಿಲ್ಲ. ಸೀಟು ಯಾವಾಗಲೂ ಮಿಕ್ಕಿರುತ್ತಿತ್ತು.

ಈ ಸಲ ಬಾಕಿಯಿದ್ದದ್ದು ಒಬ್ಬಳೇ, ಡಾಕ್ಟರ್ ಸಂಘಮಿತ್ರ. ಅಲ್ಲೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವಳು, ಅವರ ಊರಿನ ಮೊದಲ ಡಾಕ್ಟರು. ಕೊನೆಯ ವರ್ಷ. ನಿಂತ ಹೃದಯವನ್ನು ಮತ್ತೆ ನಡೆಸುವ ಒಂದು ದಿನದ ತರಬೇತಿ ಮುಗಿಸಿ ಸರ್ಟಿಫಿಕೇಟು ಕೊಡದಿದ್ದರೆ ಪರೀಕ್ಷೆಯ ಅರ್ಜಿ ಹೋಗುವುದಿಲ್ಲ. ಆರು ತಿಂಗಳು ಹಿಂದೆ ಬೀಳುತ್ತಾಳೆ. ಅರ್ಜಿಗೆ ಮುಂಚಿನ ಕೊನೆಯ ಬ್ಯಾಚು ಮುಂದಿನ ಗುರುವಾರದ್ದು. ಅದರ ಬುಕಿಂಗ್ ತೆರೆದದ್ದು ಶುಕ್ರವಾರ ಹತ್ತೂವರೆಗೆ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

ಶಶಿರೇಖಾ ಹೆಸರು, ನೋಂದಣಿ ಸಂಖ್ಯೆ, ಎಲ್ಲ ತುಂಬಿಸಿಟ್ಟುಕೊಂಡು ಕೂತಳು. ಹನ್ನೊಂದಕ್ಕೆ ಒಮ್ಮೆ ಬೆರಳು ಗುಂಡಿಯವರೆಗೆ ಹೋಯಿತು. ಆಗಲೇ ಹೊರಗೆ ವೇಣುಗೋಪಾಲ್‌ನ ಕಾಲಿನ ಸದ್ದು. ಕೈ ಹಿಂದಕ್ಕೆ ಬಂತು. ಹನ್ನೆರಡು ಹೊಡೆದು ಒಂದು ನಿಮಿಷಕ್ಕೆ ಒತ್ತಿದಳು.

ಎಲ್ಲ ಸೀಟುಗಳೂ ಭರ್ತಿಯಾಗಿವೆ.

ಮೂರು ಸಲ ಪುಟ ತೆರೆದರೂ ಅದೇ ಸಾಲು. ಕೇಂದ್ರಕ್ಕೆ ಫೋನು ಮಾಡಿ, ಕಾಡಿ ಬೇಡಿ, ಕಾಯುವವರ ಪಟ್ಟಿಯಲ್ಲಿ ಸಂಘಮಿತ್ರಳ ಹೆಸರನ್ನು ಮೊದಲನೆಯದಾಗಿ ಸೇರಿಸಿದಳು. ಯಾರಾದರೂ ಬಿಟ್ಟರೆ ಸಿಗಬಹುದು, ಅಷ್ಟೇ. ಆಫೀಸಿನ ಸೂಪರಿಂಟೆಂಡೆಂಟ್ ಗೋವಿಂದರಾಜು ಅವಳ ಮುಖ ನೋಡಿ ಹತ್ತಿರ ಬಂದರು. ಕೀಬೋರ್ಡು ಜರುಗಿತ್ತು. ಚೀಟಿ ಕಂಡಿತು.

"ಏನಮ್ಮಾ ಇದು! ಹಿಂಗಾದ್ರೆ ಆಪರೇಷನ್ ಥಿಯೇಟರ್‌ಗೂ ಒಬ್ಬ ಜೋಯಿಸ್ರನ್ನ ಕೂರಿಸ್ಬೇಕಾಗ್ತದೆ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಸರ್ವರ್ ಡೌನ್ ಇತ್ತು ಅಂತ ಬರ್ದ್ಹಾಕು. ಯಾರ್ ಕೇಳ್ತಾರೆ?"

ಅಷ್ಟರಲ್ಲಿ ಸಂಘಮಿತ್ರಳ ಫೋನು. "ಅಕ್ಕಾ, ಆಯ್ತಾ?"

"ಆಗ್ತಾ ಇದೆ ಮೇಡಂ" ಎಂದಳು ಶಶಿರೇಖಾ.

ಆ ಸಂಜೆ ಮೂರು ವರ್ಷದ ಮಗಳು ಸ್ನೇಹಳ ಮೈ ಬೆಚ್ಚಗಿತ್ತು. ಆಟ ಆಡಿದ್ದಕ್ಕೆ ಇರಬಹುದು ಎಂದರು ಅತ್ತೆ. ಶಶಿರೇಖಾಳಿಗೆ ಅದು ತನ್ನ ಸುಳ್ಳಿನ ಬಿಸಿಯಂತೆ ಕಂಡಿತು. ಗಂಡ ವಸಂತ್ ಥರ್ಮಾಮೀಟರು ಕಸಿದುಕೊಂಡು, "ನಾಕ್ನೇ ಸಲ ಇಡ್ತಾ ಇದೀಯ ಕಣೇ, ಮಗು ಮಲಗ್ಲಿ ಬಿಡು" ಎಂದ.

ಶನಿವಾರ ತಡೆಯಲಾಗಲಿಲ್ಲ. ಸಂಘಮಿತ್ರ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಮೂರು ಗಂಟೆಗೆ ಬೆಳಗಿನ ಚಿತ್ರಾನ್ನ ತಿನ್ನುತ್ತಿದ್ದಳು. ಶಶಿರೇಖಾ ಎದುರಿಗೆ ನಿಂತಳು.

"ಸೀಟು ಸಿಗ್ಲಿಲ್ಲ ಮೇಡಂ."

"ಸರ್ವರ್ ಡೌನಾ?"

"ಇಲ್ಲ. ನಾನೇ ಕಾದೆ. ರಾಹುಕಾಲ ಇತ್ತು."

ಚಮಚ ಡಬ್ಬಿಯೊಳಗೇ ನಿಂತಿತು. ಶಶಿರೇಖಾ ವೇಣುಗೋಪಾಲ್‌ನ ಕಾಲಿನ ವಿಷಯ ಹೇಳಿದಳು, ಮಂಗಳವಾರದ ವಿಷಯ ಹೇಳಿದಳು. ಹೇಳುತ್ತ ಹೋದಂತೆ ತನ್ನ ಕಿವಿಗೇ ಅದು ಹುಚ್ಚಿನಂತೆ ಕೇಳಿಸಿತು.

"ಅಂದ್ರೆ ನಾನು ಸತ್ತೋಗ್ತೀನಿ ಅಂತ ಹೆದರ್ಕೊಂಡ್ರಾ?" ಸಂಘಮಿತ್ರ ಕೂಗಲಿಲ್ಲ. "ನಮ್ಮಪ್ಪ ಪರೀಕ್ಷೆ ತಿಂಗಳನ್ನ ಗೋಡೆ ಮೇಲೆ ಬರ್ದಿಟ್ಟಿದಾರೆ ಅಕ್ಕಾ. ಕಾನ್ವೆಂಟಲ್ಲಿ ಓದಿದೋರು ನೀವು. ಈ ವಾರ್ಡಲ್ಲಿ ಯಾರಾದ್ರೂ ಟೈಮ್ ನೋಡ್ಕೊಂಡು ಸಾಯೋದ್ ನೋಡಿದೀರಾ? ನಿಮ್ಮ ಭಯಾನ ನಿಮ್ಮನೇಲಿ ಇಟ್ಕೊಳ್ಳಿ."

ಡಬ್ಬಿ ಮುಚ್ಚಿ ಒಳಗೆ ಹೋದಳು. ಅರ್ಧಕ್ಕರ್ಧ ಅನ್ನ ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ, ದೇವನಹಳ್ಳಿ ಬಸ್ಸಿನಲ್ಲಿ ನಿಂತಿದ್ದಾಗ ಶಶಿರೇಖಾಳ ಫೋನು ಬಡಿದುಕೊಂಡಿತು. ತರಬೇತಿ ಕೇಂದ್ರದ ಹುಡುಗಿ.

"ಒಬ್ರು ಸೀಟು ಬಿಟ್ರು ಮೇಡಂ. ಲಿಂಕ್ ಕಳ್ಸಿದೀನಿ, ಹದಿನೈದು ನಿಮಿಷದಲ್ಲಿ ಕನ್ಫರ್ಮ್ ಮಾಡಿ. ಇಲ್ಲಾಂದ್ರೆ ಮುಂದಿನವ್ರಿಗೆ ಹೋಗತ್ತೆ."

ಚೀಟಿ ನೋಡಬೇಕಾಗಿರಲಿಲ್ಲ. ಸೋಮವಾರ, ಏಳೂವರೆಯಿಂದ ಒಂಬತ್ತು.

"ಒಂಬತ್ತರವರೆಗೆ ಟೈಮ್ ಕೊಡ್ತೀರಾ ಅಮ್ಮಾ?"

"ನಿಮ್ಮ ಹಿಂದೆ ಏಳು ಜನ ಇದಾರೆ ಮೇಡಂ."

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಕಿಟಕಿಯಾಚೆ ಬಸ್ಸಿಗೆ ಒರಸಿಕೊಂಡಂತೆ ಒಂದು ಕಂಟೇನರ್ ಲಾರಿ ಸಾಗುತ್ತಿತ್ತು. ಕೂತಿದ್ದ ಮುದುಕಿಯೊಬ್ಬಳು ಅವಳ ಮುಖ ನೋಡಿ, "ಯಾಕವ್ವಾ, ಮನೇಲಿ ಏನಾರ ಆಯ್ತಾ?" ಎಂದು ಕೇಳಿದಳು. ಶಶಿರೇಖಾ ಇಲ್ಲವೆಂದು ತಲೆಯಾಡಿಸಿದಳು. ಆರು ನಿಮಿಷ ಉಳಿದಿತ್ತು. ಗೋಡೆಯ ಮೇಲೆ ಬರೆದಿಟ್ಟ ತಿಂಗಳು ಕಣ್ಣಿಗೆ ಕಟ್ಟಿತು, ಜೊತೆಗೇ ಆ ಕಾಲಿನ ಸದ್ದು. ಕಣ್ಣು ಮುಚ್ಚಿ ಒತ್ತಿದಳು.

ಸೀಟು ಖಚಿತವಾಗಿದೆ ಎಂದು ಬಂತು. ಸಂತೋಷವಾಗಲಿಲ್ಲ, ಯಾರದೋ ಜೀವಕ್ಕೆ ತಾನು ಜಾಮೀನು ನಿಂತಂತಾಯಿತು.

ಗುರುವಾರ ಬೆಳಗಿನಿಂದ ಅವಳು ಮಾಡಿದ ಕೆಲಸವೆಂದರೆ ಫೋನು ನೋಡಿದ್ದು. ಬೈಕು ಬೇಡ, ಬಸ್ಸಿನಲ್ಲೇ ಹೋಗಿ ಎಂದು ಹಿಂದಿನ ದಿನವೇ ಮೂರು ಸಲ ಹೇಳಿದ್ದಳು. ಒಂಬತ್ತೂವರೆಗೆ "ತಲುಪಿದೆ" ಎಂದು ಬಂತು. ನಾಲ್ಕೂವರೆಗೆ "ಪಾಸಾದೆ ಅಕ್ಕ! ಸರ್ಟಿಫಿಕೇಟ್ ಕೈಲಿದೆ. ಬಸ್ ಹತ್ತಿದೆ." ಗೋವಿಂದರಾಜು, "ಇನ್ನಾದ್ರೂ ಉಸಿರಾಡಮ್ಮಾ" ಎಂದರು. ವಾಪಸು ಬರುವುದು ಬಾಕಿಯಿತ್ತಲ್ಲ.

ಆಸ್ಪತ್ರೆಯ ಎದುರಿನ ಸ್ಟಾಪಿನಲ್ಲಿ ನಿಂತು ಅವಳು ತನ್ನ ಎರಡು ಬಸ್ಸು ಬಿಟ್ಟಳು. ಆರೂವರೆಗೆ ಸಂಘಮಿತ್ರ ಇಳಿದಳು. ಎರಡೂ ಕಾಲು ನೆಟ್ಟಗೇ ಇದ್ದವು.

"ಇನ್ನೂ ಹೋಗಿಲ್ವಾ ಅಕ್ಕಾ?"

"ಬಸ್ ಸಿಗ್ಲಿಲ್ಲ ಮೇಡಂ."

ಸಂಘಮಿತ್ರ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದ್ಮಾತು ಕೇಳ್ಲಾ? ಸೋಮವಾರ ಯಾವ ಟೈಮಲ್ಲಿ ಒತ್ತಿದ್ರಿ?" ನಗಲು ನೋಡಿದಳು. "ದಾರೀಲಿ ಒಂದು ಲಾರಿ ಅಡ್ಡ ಬಂದ್ಬಿಡ್ತು. ಡ್ರೈವರ್ ಬ್ರೇಕ್ ಹಾಕ್ದಾಗ ನಿಮ್ಮ ಮಾತೇ ನೆನಪಾಯ್ತು ನೋಡಿ."

"ಒಂಬತ್ತಾದ್ಮೇಲೆ" ಎಂದಳು ಶಶಿರೇಖಾ. "ಒಳ್ಳೆ ಟೈಮಲ್ಲೇ."

ಡಾಕ್ಟರಮ್ಮನ ಬಿಗಿದಿದ್ದ ಭುಜ ಸಡಿಲವಾಯಿತು. ಹಾಸ್ಟೆಲು ರಸ್ತೆಯ ಆಚೆಗಿತ್ತು. ಲಾರಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಶಶಿರೇಖಾ ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ, ಮಗಳು ಸ್ನೇಹಳನ್ನು ದಾಟಿಸುವ ಹಾಗೆ ಅವಳ ಮಣಿಕಟ್ಟು ಹಿಡಿದು ರಸ್ತೆ ದಾಟಿಸಿದಳು. ಗೇಟಿನ ಒಳಗೆ ಹೋದ ಮೇಲೇ ಕೈ ಬಿಟ್ಟಳು.